ಬೀಚ್ ಹೌಸ್ ಹಾಡುಗಳು ಹುಟ್ಟಿದ ಊರುಗಳಲ್ಲಿ ಏಳು ದಿನ

ಮೊದಲ ದಿನ, ಬಾಲ್ಟಿಮೋರ್

ದಾಂಡೇಲಿಯ ನಮ್ಮ ಮನೆಯಲ್ಲಿ ಅಪ್ಪನ ಕಾಲದ ಒಂದು ಪೇಟಿ ಇದೆ. ಅದರ ತಿದಿಗೆ ಎರಡು ಕಡೆ ತೇಪೆ ಬಿದ್ದಿದೆ, ಮಂದ್ರದ ಎರಡು ಮನೆಗಳು ಒತ್ತಿದ ಮೇಲೆ ಬೇಗ ಏಳುವುದಿಲ್ಲ, ಆದರೂ ಸಂಜೆ ಅದರ ಮುಂದೆ ಕುಳಿತು ಒಂದೇ ಸ್ವರವನ್ನು ಹಿಡಿದುಕೊಂಡರೆ ಮನೆಯೆಲ್ಲ ತುಂಬುತ್ತದೆ. 2016ರಲ್ಲಿ, ಓದಲೆಂದು ಬಾಲ್ಟಿಮೋರಿಗೆ ಬಂದಿದ್ದ ನನ್ನ ತಮ್ಮನ ಮಗಳು ಒಂದು ಹಾಡನ್ನು ಕಳುಹಿಸಿ, ‘ದೊಡ್ಡಪ್ಪ, ಇದನ್ನ ಕೇಳ್ರಿ, ನಿಮ್ಮ ಪೇಟಿ ಹಂಗ ಐತಿ’ ಎಂದು ಬರೆದಿದ್ದಳು. ಆ ಹಾಡಿನಲ್ಲಿ ಒಂದು ಆರ್ಗನ್ ಸ್ವರಗಳನ್ನು ಬಿಡದೆ ಹಿಡಿದಿತ್ತು, ಅದರ ಮೇಲೆ ಗಿಟಾರ್ ಜಾರಿಕೊಂಡು ಬರುತ್ತಿತ್ತು, ಹೆಣ್ಣುದನಿಯೊಂದು ಎದೆಯ ಆಳದಿಂದ ಅವಸರವಿಲ್ಲದೆ ಹಾಡುತ್ತಿತ್ತು. ಅಂದಿನಿಂದ ವಿಕ್ಟೋರಿಯಾ ಲೆಗ್ರಾಂಡ್ ಮತ್ತು ಅಲೆಕ್ಸ್ ಸ್ಕ್ಯಾಲಿ ಎಂಬ ಇಬ್ಬರ ಬೀಚ್ ಹೌಸ್ ತಂಡ ನನ್ನ ದಿನಚರಿಯ ಭಾಗವಾಯಿತು. ಕಳೆದ ಅಕ್ಟೋಬರಿನಲ್ಲಿ ತಮ್ಮನ ಮಗಳಿಗೆ ಒಂದು ವಾರ ರಜೆ ಸಿಕ್ಕಾಗ, ಆ ತಂಡದ ಧ್ವನಿಮುದ್ರಿಕೆಗಳು ತಯಾರಾದ ಊರುಗಳನ್ನು ನೋಡಿಬರುವ ನನ್ನ ಬಹಳ ದಿನಗಳ ಆಸೆ ಕೈಗೂಡಿತು.

ಇಂಥ ಪ್ರವಾಸ ಯಾಕೆ ಎಂದು ಮನೆಯಲ್ಲಿ ಕೇಳಿದವರಿದ್ದಾರೆ. ಎರಡು ದಶಕಗಳಲ್ಲಿ ಈ ತಂಡದ ಕೇಳುಗರ ಬಳಗ ನೂರಾರು ಪಟ್ಟು ಬೆಳೆದಿದೆ. ತಂಡ ಮಾತ್ರ ಇಂದಿಗೂ ಇಬ್ಬರದೇ. ಅವರು ಊರು ಬಿಡಲಿಲ್ಲ, ಹಾಡಿನ ಬಗ್ಗೆ ತೀರ್ಮಾನ ಮಾಡುವ ಹಕ್ಕನ್ನು ಮೂರನೆಯವರ ಕೈಗೆ ಕೊಡಲಿಲ್ಲ. ಅದು ಹೇಗೆ ಸಾಧ್ಯವಾಯಿತು ಎಂಬುದನ್ನು ಆ ಜಾಗಗಳ ಎದುರು ನಿಂತು ಯೋಚಿಸಬೇಕು ಎನಿಸಿತ್ತು.

ಬಾಲ್ಟಿಮೋರಿನ ರೈಲು ನಿಲ್ದಾಣದಿಂದ ಹೊರಬಂದರೆ ಎದುರಾಗುವುದು ಒಂದಕ್ಕೊಂದು ಗೋಡೆ ಹಂಚಿಕೊಂಡು ಸಾಲಾಗಿ ನಿಂತ ಇಟ್ಟಿಗೆಯ ಮನೆಗಳು. ಕೆಲವು ಬೀದಿಗಳಲ್ಲಿ ಪ್ರತಿ ಬಾಗಿಲಿಗೂ ಮೂರೋ ನಾಲ್ಕೋ ಅಮೃತಶಿಲೆಯ ಮೆಟ್ಟಿಲು. ಇನ್ನು ಕೆಲವು ಬೀದಿಗಳಲ್ಲಿ ಕಿಟಕಿಗಳಿಗೆ ಹಲಗೆ ಹೊಡೆದ ಖಾಲಿ ಮನೆಗಳು. ಕಾರ್ಖಾನೆಗಳು ಮುಚ್ಚಿ ಜನ ಊರು ಬಿಟ್ಟಿದ್ದರಿಂದ ಈ ನಗರಕ್ಕೆ ಆದ ನಷ್ಟ ದೊಡ್ಡದು. ಅದೇ ಕಾರಣಕ್ಕೆ ಬಾಡಿಗೆ ಕಡಿಮೆಯಾಗಿ, ಕೈಯಲ್ಲಿ ಕಾಸಿಲ್ಲದ ಹುಡುಗ ಹುಡುಗಿಯರಿಗೆ ವಿಶಾಲವಾದ ಕೋಣೆಗಳು ಸಿಕ್ಕಿದವು. ನಿಲ್ದಾಣದಿಂದ ನಡೆದೇ ಹೋಗಬಹುದಾದ ಗಿಲ್ಫರ್ಡ್ ಅವೆನ್ಯೂದಲ್ಲಿ ಕಾಪಿಕ್ಯಾಟ್ ಕಟ್ಟಡವಿದೆ. ಸೋಡಾ ಬಾಟಲಿಯ ನೆರಿಗೆ ಬಿರಡೆ ಹುಟ್ಟಿದ್ದು ಬಾಲ್ಟಿಮೋರಿನಲ್ಲೇ. ಆ ಬಿರಡೆ ತಯಾರಿಸುತ್ತಿದ್ದ ಕಂಪನಿಯ ಕಾರ್ಖಾನೆ ಇದಾಗಿತ್ತು. 2000ದ ದಶಕದ ಮಧ್ಯದಲ್ಲಿ ಇಲ್ಲಿ ಡ್ಯಾನ್ ಡೀಕನ್ ಮತ್ತು ಗೆಳೆಯರ ವ್ಯಾಮ್ ಸಿಟಿ ಬಳಗ ನೆಲೆಸಿ, ವಾಸದ ಕೋಣೆಯನ್ನೇ ರಂಗಸ್ಥಳ ಮಾಡಿಕೊಂಡು ಕಛೇರಿ ನಡೆಸುತ್ತಿತ್ತು. ಅವರದು ಗದ್ದಲದ, ಬಣ್ಣದ, ಕುಣಿತದ ಸಂಗೀತ. ಅದೇ ಊರಿನಲ್ಲಿ, ಅದೇ ವರ್ಷಗಳಲ್ಲಿ, ಇಷ್ಟು ಮೆಲ್ಲಗೆ ನುಡಿಸುವ ಇಬ್ಬರಿಗೂ ಜಾಗವಿತ್ತು ಎಂಬುದು ಆ ಊರಿನ ದೊಡ್ಡತನ.

ಎರಡನೇ ದಿನ, ಬಾಲ್ಟಿಮೋರ್

ಲೆಗ್ರಾಂಡ್ ಪ್ಯಾರಿಸ್ಸಿನಲ್ಲಿ ಹುಟ್ಟಿದವರು. ಮೂರು ಆಸ್ಕರ್ ಪಡೆದ ಫ್ರೆಂಚ್ ಸಂಗೀತ ನಿರ್ದೇಶಕ ಮಿಶೆಲ್ ಲೆಗ್ರಾಂಡ್ ಅವರ ಸೋದರನ ಮಗಳು. ಪ್ಯಾರಿಸ್ಸಿನಲ್ಲಿ ರಂಗಶಿಕ್ಷಣ ಪಡೆಯುತ್ತಿದ್ದವರು ಅದನ್ನು ಬಿಟ್ಟು ಅಮೆರಿಕಕ್ಕೆ ಮರಳಿ, 2004ರಲ್ಲಿ ಬಾಲ್ಟಿಮೋರಿನಲ್ಲಿ ಸ್ಕ್ಯಾಲಿಯವರನ್ನು ಭೇಟಿಯಾದರು. ಸ್ಕ್ಯಾಲಿ ಈ ಊರಿನವರೇ, ತಂದೆಯ ಜೊತೆ ಬಡಗಿ ಕೆಲಸ ಮಾಡಿದವರು. ನಾನು ಈ ಬಡಗಿ ಕೆಲಸದ ಬಗ್ಗೆ ಮತ್ತೆ ಮತ್ತೆ ಯೋಚಿಸಿದ್ದೇನೆ. ಇವರ ಹಾಡುಗಳಲ್ಲಿ ಒಂದು ಸ್ವರವೂ ಸುಮ್ಮನೆ ಬಂದಿರುವುದಿಲ್ಲ, ಸಂದಿಗೆ ಸಂದಿ ಕೂಡಿಸಿದ ಹಾಗೆ ಇರುತ್ತದೆ.

ಮೊದಲ ಮುದ್ರಿಕೆಗೆ ತಂಡದ ಹೆಸರನ್ನೇ ಇಟ್ಟರು. ಸ್ಕ್ಯಾಲಿಯವರ ಮನೆಯ ನೆಲಮಾಳಿಗೆಯಲ್ಲಿ, ನಾಲ್ಕು ಟ್ರ್ಯಾಕಿನ ಯಂತ್ರದಲ್ಲಿ, ಎರಡು ದಿನಗಳಲ್ಲಿ ಅದರ ಮುದ್ರಣ ಮುಗಿಯಿತು. 2006ರ ಅಕ್ಟೋಬರಿನಲ್ಲಿ ಕಾರ್‌ಪಾರ್ಕ್ ಎಂಬ ಚಿಕ್ಕ ಸಂಸ್ಥೆ ಅದನ್ನು ಹೊರತಂದಿತು. ನಾಲ್ಕು ಟ್ರ್ಯಾಕ್ ಎಂದರೆ ಒಟ್ಟಿಗೆ ನಾಲ್ಕೇ ಎಳೆಗಳಿಗೆ ಜಾಗ. ಆರ್ಗನ್ನಿಗೊಂದು, ಗಿಟಾರಿಗೊಂದು, ದನಿಗೊಂದು, ತಾಳಕ್ಕೊಂದು ಕೊಟ್ಟರೆ ಮುಗಿಯಿತು. ಇನ್ನೇನಾದರೂ ಸೇರಿಸಬೇಕೆಂದರೆ ಇರುವ ಎರಡನ್ನು ಒಂದಾಗಿ ಬೆರೆಸಬೇಕು, ಬೆರೆಸಿದ ಮೇಲೆ ಮತ್ತೆ ಬೇರ್ಪಡಿಸಲು ಬರುವುದಿಲ್ಲ. ಹಿಂದೆ ಅಮೆರಿಕದ ಮಧ್ಯಮ ವರ್ಗದ ಮನೆಗಳಲ್ಲಿ ಇರುತ್ತಿದ್ದ ಆರ್ಗನ್‌ಗಳಲ್ಲಿ ವಾಲ್ಟ್ಸ್, ಬೋಸಾನೋವಾ ಮುಂತಾದ ತಾಳಗಳನ್ನು ಗುಂಡಿ ಒತ್ತಿದ ಕೂಡಲೇ ನುಡಿಸುವ ಪೆಟ್ಟಿಗೆಯೊಂದು ಒಳಗೇ ಇರುತ್ತಿತ್ತು. ಮಡಿಕೆಯ ಮೇಲೆ ಬೆರಳಿನಿಂದ ಬಡಿದಂತಹ ಆ ಸಣ್ಣ ಸದ್ದು, ಹಿಂದಿನಿಂದ ಟೇಪಿನ ಸುಯ್ಯೆನ್ನುವ ಉಸಿರು, ಇವೆರಡೂ ಆ ಮೊದಲ ಮುದ್ರಿಕೆಯಲ್ಲಿ ಕಿವಿಗೆ ತಾಗುತ್ತವೆ. ಗೋಡೆಯಾಚೆಯ ಮನೆಯಲ್ಲಿ ಯಾರೋ ನುಡಿಸುತ್ತಿದ್ದಾರೆ ಎಂಬ ಭಾವನೆ ನನಗೆ ಯಾವಾಗಲೂ ಬರುತ್ತಿತ್ತು. ಗೋಡೆ ಹಂಚಿಕೊಂಡ ಈ ಮನೆಗಳ ಸಾಲನ್ನು ಕಂಡ ಮೇಲೆ ಅದು ಯಾಕೆಂದು ಅರ್ಥವಾಯಿತು. ಆ ಮನೆ ಯಾವುದೆಂದು ನಾವು ಹುಡುಕಲಿಲ್ಲ; ಜನ ವಾಸಿಸುವ ಮನೆಯನ್ನು ಹಾಗೆ ಹುಡುಕಿ ಹೋಗುವುದು ತರವಲ್ಲ.

2008ರ ‘ಡಿವೋಷನ್’ ಕೂಡ ಕಾರ್‌ಪಾರ್ಕ್‌ನಿಂದಲೇ ಬಂತು. ಆ ನಂತರ ಅವರು ಮುದ್ರಣಕ್ಕೆಂದು ಊರಿನಿಂದ ಹೊರಗೆ ಹೋಗತೊಡಗಿದರು, ಮುಗಿಸಿಕೊಂಡು ಪ್ರತಿ ಸಲವೂ ಇಲ್ಲಿಗೇ ಹಿಂತಿರುಗಿದರು. 2018ರ ‘7’ ಎಂಬ ಏಳನೇ ಮುದ್ರಿಕೆಯ ಹೊತ್ತಿಗೆ ತಮ್ಮದೇ ಸ್ಟುಡಿಯೊ ಕಟ್ಟಿಕೊಂಡಿದ್ದರು. ಅದರ ಕಾರಣವನ್ನು ಅವರೇ ಹೇಳಿದ್ದಾರೆ: ಒಂದು ವರ್ಷ ಹಾಡು ಕಟ್ಟುವುದು, ಆಮೇಲೆ ದುಬಾರಿ ಸ್ಟುಡಿಯೊ ಬಾಡಿಗೆಗೆ ಹಿಡಿದು ಎಲ್ಲವನ್ನೂ ಬೇಗ ಬೇಗ ಮುದ್ರಿಸುವುದು, ಇದು ಹಣದ ಲೆಕ್ಕಾಚಾರ ಕಲಿಸಿದ ಕ್ರಮವೇ ಹೊರತು ಸಂಗೀತ ಕೇಳಿದ ಕ್ರಮವಲ್ಲ, ಮುದ್ರಣದ ದಿನ ಬರುವಷ್ಟರಲ್ಲಿ ಮೊದಲು ಕಟ್ಟಿದ ಹಾಡುಗಳ ಮೇಲಿನ ಹುಮ್ಮಸ್ಸು ಇಳಿದುಹೋಗಿರುತ್ತದೆ. ಆದ್ದರಿಂದ ಮನೆಯಲ್ಲೇ ಶುರುಮಾಡಿ, ಮೂರು ನಾಲ್ಕು ಹಾಡುಗಳು ಕೈಗೆ ಬಂದಾಗಲೆಲ್ಲ ದೊಡ್ಡ ಸ್ಟುಡಿಯೊಗೆ ಒಯ್ದು ಮುಗಿಸಿದರು. ಪೇಟಿ ಮಾಸ್ತರನಾಗಿ ಸಣ್ಣಾಟಗಳ ಜೊತೆ ಊರೂರು ಅಲೆದ ನನಗೆ, ಹಾಡು ಬಿಸಿಯಾಗಿರುವಾಗಲೇ ಬಡಿಸಬೇಕೆಂಬ ಈ ಮಾತನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಸಂಜೆ ಬಂದರಿನ ಪಕ್ಕದ ಫೆಲ್ಸ್ ಪಾಯಿಂಟಿಗೆ ಹೋದೆವು. ಕಲ್ಲು ಹಾಸಿದ ಥೇಮ್ಸ್ ಬೀದಿಯಲ್ಲಿ ಸೌಂಡ್ ಗಾರ್ಡನ್ ಎಂಬ ರೆಕಾರ್ಡ್ ಅಂಗಡಿಯಿದೆ. ‘ಬಿ’ ಅಕ್ಷರದ ಸಾಲಿನಲ್ಲಿ ಬೆರಳಾಡಿಸುತ್ತಿದ್ದಾಗ, ನೋಡುವ ಮೊದಲೇ ಕೈಗೆ ಗೊತ್ತಾಯಿತು. 2015ರ ‘ಡಿಪ್ರೆಷನ್ ಚೆರ್ರಿ’ಯ ಹೊದಿಕೆ ಕೆಂಪು ಮಖಮಲ್ಲಿನದು. ಒಂದು ದಿಕ್ಕಿಗೆ ಸವರಿದರೆ ಬಣ್ಣ ಗಾಢವಾಗುತ್ತದೆ, ಎದುರು ದಿಕ್ಕಿಗೆ ಸವರಿದರೆ ತಿಳಿಯಾಗುತ್ತದೆ. ನನಗಿಂತ ಮೊದಲು ಅದನ್ನು ಹಿಡಿದಿದ್ದವರ ಹೆಬ್ಬೆರಳ ಗುರುತು ಮೂಲೆಯಲ್ಲಿ ಹಾಗೆಯೇ ಇತ್ತು. ನಮ್ಮೂರ ನಾಟಕಗಳ ರಾಜನ ಅಂಗಿ ಇಂಥ ಬಟ್ಟೆಯದೇ ಆಗಿರುತ್ತಿತ್ತು. ನಾನು ಬೇಡವೆಂದರೂ ಕೇಳದೆ ಜೊತೆಯಲ್ಲಿದ್ದ ಹುಡುಗಿಯೇ ಹಣ ಕೊಟ್ಟಳು.

ಮೂರನೇ ದಿನ, ಹರ್ಲಿ

ನ್ಯೂಯಾರ್ಕ್ ನಗರದ ಉತ್ತರಕ್ಕಿರುವ ಬೆಟ್ಟಸೀಮೆಗೆ ಕಾರಿನಲ್ಲಿ ಐದು ಗಂಟೆಗೂ ಮೀರಿದ ದಾರಿ. ದಾರಿಯಲ್ಲಿ ಅವಳು ಕೆಂಡ್ರಿಕ್ ಲಾಮಾರ್ ಅವರ 2012ರ ರ‍್ಯಾಪ್ ಹಾಡೊಂದನ್ನು ಹಾಕಿ, ‘ಹಿಂದಿನ ಗಿಟಾರ್ ಯಾರ್ದು ಹೇಳ್ರಿ ನೋಡೂಣು’ ಎಂದಳು. ಅದು ಬೀಚ್ ಹೌಸ್‌ನ ‘ಟೀನ್ ಡ್ರೀಮ್’ ಮುದ್ರಿಕೆಯ ತುಣುಕು ಎಂದು ಗುರುತಿಸಲು ನನಗೆ ಒಂದು ನಿಮಿಷ ಹಿಡಿಯಿತು. ಅದಕ್ಕೂ ಮೊದಲು, 2011ರಲ್ಲಿ, ದಿ ವೀಕೆಂಡ್ ಎಂಬ ಹೆಸರಿನಿಂದ ಹಾಡುವ ಕೆನಡಾದ ಗಾಯಕ ತನ್ನ ಮೊದಲ ಸಂಗ್ರಹದಲ್ಲೇ ಇವರ ಎರಡು ಹಾಡುಗಳ ತುಣುಕುಗಳನ್ನು ಬಳಸಿಕೊಂಡಿದ್ದ. ಮೆಲ್ಲಗೆ ನುಡಿಸಿದ್ದು ದೂರದವರೆಗೆ ಕೇಳಿಸಿತ್ತು.

‘ಟೀನ್ ಡ್ರೀಮ್’ ತಯಾರಾದದ್ದು ಹರ್ಲಿಯ ಡ್ರೀಮ್‌ಲ್ಯಾಂಡ್ ಸ್ಟುಡಿಯೊದಲ್ಲಿ, 2009ರಲ್ಲಿ. ಇದು ಹತ್ತೊಂಬತ್ತನೇ ಶತಮಾನದ ಕೊನೆಯ ಒಂದು ಚರ್ಚು. ಅಕ್ಟೋಬರಿನ ನಡುಭಾಗವಾದ್ದರಿಂದ ಮೇಪಲ್ ಮರಗಳು ಕೆಂಪಾಗಿದ್ದವು, ಸಣ್ಣ ಮಳೆ ಹಿಡಿದಿತ್ತು. ಒಳಗೆ ಬೇರೆ ಯಾರದೋ ಕೆಲಸ ನಡೆಯುತ್ತಿದ್ದಿರಬಹುದೆಂದು ನಾವು ರಸ್ತೆಯಿಂದಲೇ ನೋಡಿದೆವು. ಚೂಪಾದ ಇಳಿಜಾರು ಮಾಡು, ಮರದ ಗೋಡೆ. ಪ್ರಾರ್ಥನೆಯ ಹಾಡು ಮೇಲೆದ್ದು ಮಾಡಿಗೆ ತಾಗಿ ಮರಳಿ ಬರಲೆಂದು ಕಟ್ಟಿದ ಜಾಗ. ಮೊದಲೆರಡು ಮುದ್ರಿಕೆಗಳಲ್ಲಿ ಪಕ್ಕದ ಮನೆಯದೆನಿಸಿದ್ದ ದನಿ ಇಲ್ಲಿ ಎತ್ತರಕ್ಕೇರಿತು. ನಿರ್ಮಾಪಕ ಕ್ರಿಸ್ ಕೋಡಿ ಅವರ ಜೊತೆಗಿನ ಮೊದಲ ಕೆಲಸವೂ ಇದೇ, ಮುಂದಿನ ಮೂರು ಮುದ್ರಿಕೆಗಳಲ್ಲೂ ಅವರೇ ಜೊತೆಗಿದ್ದರು.

2010ರ ಜನವರಿಯಲ್ಲಿ ಈ ಮುದ್ರಿಕೆ ಅಮೆರಿಕದಲ್ಲಿ ಸಿಯಾಟಲ್‌ನ ಸಬ್ ಪಾಪ್ ಸಂಸ್ಥೆಯಿಂದ, ಯುರೋಪಿನಲ್ಲಿ ಬೆಲ್ಲಾ ಯೂನಿಯನ್‌ನಿಂದ ಹೊರಬಂತು. ಪ್ರತಿ ಹಾಡಿಗೂ ಬೇರೆ ಬೇರೆ ನಿರ್ದೇಶಕರಿಂದ ದೃಶ್ಯ ಮಾಡಿಸಿ, ಆ ಡಿವಿಡಿಯನ್ನೂ ಜೊತೆಗೆ ಇಟ್ಟರು. ಬೆಲ್ಲಾ ಯೂನಿಯನ್ ಶುರುಮಾಡಿದವರು ಸ್ಕಾಟ್ಲೆಂಡಿನಲ್ಲಿ ಹುಟ್ಟಿದ ಕಾಕ್ಟೋ ಟ್ವಿನ್ಸ್ ತಂಡದ ಇಬ್ಬರು ಸದಸ್ಯರು. ಡ್ರೀಮ್ ಪಾಪ್ ಎಂದು ಇಂದು ಕರೆಯುವ ಸಂಗೀತಕ್ಕೆ, ಅಂದರೆ ಪದದ ಅರ್ಥಕ್ಕಿಂತ ದನಿಯ ಮೈಗೆ, ಪ್ರತಿಧ್ವನಿಗೆ, ಮಸುಕಿಗೆ ಹೆಚ್ಚು ಬೆಲೆ ಕೊಡುವ ಈ ರೀತಿಗೆ, 1980ರ ದಶಕದಲ್ಲಿ ದಾರಿ ಹಾಕಿದ್ದು ಅದೇ ತಂಡ. ಹಿರಿಯರು ಕಟ್ಟಿದ ಮನೆಯಿಂದಲೇ ಕಿರಿಯರ ಮುದ್ರಿಕೆ ಹೊರಬಂದದ್ದು ನನಗೆ ಘರಾಣೆಯ ಮಾತಿನಂತೆ ಕೇಳುತ್ತದೆ. ಸಬ್ ಪಾಪ್‌ನಲ್ಲಿ ಶೇ 49ರಷ್ಟು ಪಾಲು 1990ರ ದಶಕದಿಂದಲೇ ವಾರ್ನರ್ ಎಂಬ ದೊಡ್ಡ ಸಂಗೀತ ಕಂಪನಿಯದು, ಹಾಗಿರುವಾಗ ಇವರನ್ನು ಸ್ವತಂತ್ರ ತಂಡ ಎನ್ನಬಹುದೇ ಎಂದು ವಾದಿಸುವವರಿದ್ದಾರೆ. ನನ್ನ ಮಟ್ಟಿಗೆ ಸ್ವಾತಂತ್ರ್ಯದ ಪರೀಕ್ಷೆ ಪಾಲುಪತ್ರದಲ್ಲಿ ನಡೆಯುವುದಿಲ್ಲ. ಯಾವ ಹಾಡು, ಎಷ್ಟು ಉದ್ದ, ಎಲ್ಲಿ ಮುದ್ರಣ, ಯಾವಾಗ ಬಿಡುಗಡೆ ಎಂಬುದನ್ನು ಯಾರು ನಿರ್ಧರಿಸುತ್ತಾರೆ ಎಂದು ನೋಡಿದರೆ ಸಾಕು.

ನಾಲ್ಕನೇ ದಿನ, ನ್ಯೂಯಾರ್ಕ್

ಗ್ರೀನಿಚ್ ವಿಲೇಜಿನ ಎಂಟನೇ ಬೀದಿಯ ಎಲೆಕ್ಟ್ರಿಕ್ ಲೇಡಿ ಸ್ಟುಡಿಯೊದ ಬಾಗಿಲಿನ ಮುಂದೆ ಹತ್ತು ನಿಮಿಷ ನಿಂತೆವು. ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್ ಕಟ್ಟಿಸಿದ ಈ ಸ್ಟುಡಿಯೊ 1970ರ ಆಗಸ್ಟಿನಲ್ಲಿ ತೆರೆಯಿತು, ಮುಂದಿನ ತಿಂಗಳೇ ಅವರು ತೀರಿಕೊಂಡರು. ಬೀಚ್ ಹೌಸ್‌ನ ನಾಲ್ಕನೇ ಮುದ್ರಿಕೆ ‘ಬ್ಲೂಮ್’ ಟೆಕ್ಸಸ್‌ನಲ್ಲಿ ಮುದ್ರಣವಾಗಿ, ಎಳೆಗಳನ್ನು ಬೆರೆಸುವ ಕೊನೆಯ ಕೆಲಸ ಇಲ್ಲಿ ಮುಗಿಯಿತು. 2012ರ ಮೇ ತಿಂಗಳಲ್ಲಿ ಹೊರಬಂದ ಅದು ಅಮೆರಿಕದ ಜನಪ್ರಿಯ ಮುದ್ರಿಕೆಗಳ ಬಿಲ್‌ಬೋರ್ಡ್ ಪಟ್ಟಿಯ ಏಳನೇ ಸ್ಥಾನಕ್ಕೆ ಏರಿತು. ನೆಲಮಾಳಿಗೆಯ ಆ ಎರಡು ದಿನಗಳಿಗೂ ಇದಕ್ಕೂ ನಡುವೆ ಆರೇ ವರ್ಷ.

ಅದೇ ವರ್ಷದ ಒಂದು ಸಂಗತಿಯನ್ನು ಅಲ್ಲೇ ನಿಂತು ಹುಡುಗಿಗೆ ಹೇಳಿದೆ. ಒಂದು ದೊಡ್ಡ ಕಾರು ಕಂಪನಿಯ ಜಾಹೀರಾತಿಗೆ ‘ಟೀನ್ ಡ್ರೀಮ್’ನ ಕೊನೆಯ ಹಾಡನ್ನು ಕೊಡಿ ಎಂದು ಕೇಳಿದಾಗ ಇವರು ಒಪ್ಪಲಿಲ್ಲ, ಮತ್ತೆ ಮತ್ತೆ ಕೇಳಿದರೂ ಒಪ್ಪಲಿಲ್ಲ. ಕೊನೆಗೆ ಆ ಜಾಹೀರಾತು ಬೇರೊಂದು ಹಾಡಿನೊಂದಿಗೆ ಬಂತು, ಅದು ಇವರದೇ ಹಾಡೆಂದು ಅನೇಕ ಕೇಳುಗರು ನಂಬುವಷ್ಟು ಹೋಲುತ್ತಿತ್ತು. ಜಾಹೀರಾತಿಗೆ ಹಾಡು ಕೊಡುವುದೇ ತಪ್ಪೆಂದು ನಾನು ಹೇಳಲಾರೆ, ಹೊಟ್ಟೆಪಾಡು ಎಲ್ಲರಿಗೂ ಇದೆ. ಬೇಡವೆಂದ ಮೇಲೆಯೂ ಒಬ್ಬರ ದನಿಯ ಛಾಯೆಯನ್ನು ಎತ್ತಿಕೊಳ್ಳುವುದು ಮಾತ್ರ ನನ್ನನ್ನು ಇಂದಿಗೂ ನೋಯಿಸುತ್ತದೆ.

ಐದನೇ ದಿನ, ಬೋಗಲೂಸ

ನಸುಕಿನ ವಿಮಾನದಲ್ಲಿ ನ್ಯೂ ಆರ್ಲಿಯನ್ಸ್‌ಗೆ ಬಂದಿಳಿದು, ಪಾಂಚರ್‌ಟ್ರೇನ್ ಸರೋವರದ ಮೇಲಿನ ಸೇತುವೆ ಹತ್ತಿದೆವು. ಸುಮಾರು 38 ಕಿಲೋಮೀಟರ್ ಉದ್ದದ ಆ ಸೇತುವೆಯ ನಡುವೆ ಎರಡೂ ಕಡೆ ದಡ ಕಾಣಿಸುವುದಿಲ್ಲ. ನೀರು, ಆಕಾಶ, ಚಕ್ರಗಳು ಸೇತುವೆಯ ಬೆಸುಗೆಗಳನ್ನು ದಾಟುವ ಒಂದೇ ಸಮನೆಯ ಟಕ್ ಟಕ್ ಸದ್ದು. ತಾಳಪೆಟ್ಟಿಗೆ ಹಾಕಿದಂತೆಯೇ ಇತ್ತು. ಆಚೆ ದಡದಿಂದ ಮುಂದೆ ಪೈನ್ ಕಾಡು ಶುರುವಾಗುತ್ತದೆ.

ಲೂಯಿಸಿಯಾನ ರಾಜ್ಯದ ಬೋಗಲೂಸ ಸಮೀಪಿಸುತ್ತಿದ್ದಂತೆ ಕಿಟಕಿ ಇಳಿಸಿದೆ, ನನ್ನ ಊರಿನ ವಾಸನೆ ಒಳಗೆ ಬಂತು. ಬೇಯುವ ಮರದ ತಿರುಳಿನ, ಕೋಸು ಕೊಳೆತಂತಹ ಆ ವಾಸನೆಯನ್ನು ಕಾಗದದ ಕಾರ್ಖಾನೆಯ ಊರಿನಲ್ಲಿ ಬೆಳೆದವರು ಎಲ್ಲಿದ್ದರೂ ಗುರುತಿಸುತ್ತಾರೆ; ದಾಂಡೇಲಿಯ ಹುಡುಗರೂ ಭದ್ರಾವತಿಯ ಹುಡುಗರೂ ಇದಕ್ಕೆ ಸಾಕ್ಷಿ. ಕಾಡಿನ ನಡುವೆ ಮರ ಕಡಿಯುವ ಕಂಪನಿಯೊಂದು 1906ರ ಸುಮಾರಿಗೆ ಕಟ್ಟಿದ ಊರಿದು. ಮರದ ಕಾಲ ಮುಗಿದ ಮೇಲೆ ಕಾಗದ ಉಳಿಯಿತು. ‘ಮನಿಗೆ ಬಂದಂಗಾತಲ್ರಿ ದೊಡ್ಡಪ್ಪ’ ಎಂದಳು ಹುಡುಗಿ. ನನಗೆ ಗಂಟಲು ಕಟ್ಟಿತು.

ಊರ ಹೊರಗೆ, ಪೈನ್ ಮರಗಳ ಮರೆಯಲ್ಲಿ, 1970ರ ದಶಕದಿಂದ ಇರುವ ಸ್ಟುಡಿಯೊ ಇನ್ ದಿ ಕಂಟ್ರಿ ಇದೆ. ಕ್ಯಾನ್ಸಸ್ ಎಂಬ ರಾಕ್ ತಂಡದ ಪ್ರಸಿದ್ಧ ಮುದ್ರಿಕೆಯೊಂದು ಇಲ್ಲಿಯೇ ತಯಾರಾಗಿದ್ದು. 2014ರ ನವೆಂಬರಿನಿಂದ 2015ರ ಜನವರಿಯವರೆಗೆ ಲೆಗ್ರಾಂಡ್ ಮತ್ತು ಸ್ಕ್ಯಾಲಿ ಇಲ್ಲಿ ಕೆಲಸ ಮಾಡಿದರು. ಆ ಹೊತ್ತಿಗೆ ಅವರ ವೇದಿಕೆಗಳು ದೊಡ್ಡದಾಗಿದ್ದವು, ಡ್ರಮ್ಮಿನ ಅಬ್ಬರ ಹೆಚ್ಚಿತ್ತು. ಹೆಸರು ಬೆಳೆದಂತೆಲ್ಲ ತಮ್ಮ ಸಹಜ ಸ್ವಭಾವಕ್ಕಿಂತ ಜೋರಾದ ಜಾಗಕ್ಕೆ ಬಂದು ನಿಂತಿದ್ದೇವೆ ಎಂದು ಅವರಿಗೇ ಅನಿಸಿ, ಒಂದು ರಾಗದೆಳೆ, ಕೆಲವೇ ವಾದ್ಯಗಳು, ಹಿನ್ನೆಲೆಗೆ ಸರಿದ ಡ್ರಮ್, ಇಷ್ಟಕ್ಕೆ ಮರಳಿದರು. ಗೆದ್ದ ದಾರಿಯಲ್ಲೇ ಇನ್ನಷ್ಟು ಗಟ್ಟಿಯಾಗಿ ಹಾಡುವುದು ಸುಲಭವಿತ್ತು, ಅವರು ದನಿ ತಗ್ಗಿಸಿದರು. ‘ಡಿಪ್ರೆಷನ್ ಚೆರ್ರಿ’ 2015ರ ಆಗಸ್ಟ್ 28ರಂದು ಬಂತು. ಇದೇ ಕೋಣೆಗಳಲ್ಲಿ, ಇದೇ ದಿನಗಳಲ್ಲಿ ಮುದ್ರಿಸಿದ್ದ ‘ಥ್ಯಾಂಕ್ ಯುವರ್ ಲಕ್ಕಿ ಸ್ಟಾರ್ಸ್’ ಎಂಬ ಇನ್ನೊಂದು ಮುದ್ರಿಕೆಯನ್ನು ಏಳೇ ವಾರಗಳ ನಂತರ, ಅಕ್ಟೋಬರ್ 16ರಂದು, ಹೆಚ್ಚಿನ ಪ್ರಚಾರವಿಲ್ಲದೆ ಹೊರತಂದರು. ಎರಡು ವರ್ಷ ಕಾದು ಒಂದೊಂದಾಗಿ ಮಾರುವುದು ವ್ಯಾಪಾರದ ಜಾಣತನ. ಇವರ ಪಾಲಿಗೆ ಎರಡೂ ಮುಗಿದಿದ್ದವು, ಆದ್ದರಿಂದ ಎರಡನ್ನೂ ಕೊಟ್ಟರು.

ಹುಡುಗಿ ನನಗೆ ಕಳುಹಿಸಿದ್ದ ಹಾಡು ‘ಡಿಪ್ರೆಷನ್ ಚೆರ್ರಿ’ಯ ‘ಸ್ಪೇಸ್ ಸಾಂಗ್’. ಬಂದಾಗ ಅದರ ಬಗ್ಗೆ ವಿಶೇಷ ಗದ್ದಲವೇನೂ ಆಗಿರಲಿಲ್ಲ. ಕೆಲವು ವರ್ಷಗಳ ಮೇಲೆ ಟಿಕ್‌ಟಾಕ್‌ನಲ್ಲಿ ಹದಿಹರೆಯದವರು ತಮ್ಮ ದುಃಖಗಳಿಗೆ ಅದನ್ನು ಜೋಡಿಸಿಕೊಳ್ಳತೊಡಗಿ, ಅದು ತಂಡದ ಅತ್ಯಂತ ಪರಿಚಿತ ಹಾಡಾಯಿತು. ಯಾರೂ ತಳ್ಳದೆ ತಾನಾಗಿಯೇ ನಡೆದುಹೋದ ಹಾಡು. ಅದು ಹುಟ್ಟಿದ ಕಾಡಂಚಿನ ರಸ್ತೆಯಲ್ಲಿ ಕಾರು ನಿಲ್ಲಿಸಿ ಕೇಳಿದೆವು. ಅದರ ಆರ್ಗನ್ ನನ್ನ ಪೇಟಿಯನ್ನು ನೆನಪಿಸುವುದು ಯಾಕೆಂದು ಒಂಬತ್ತು ವರ್ಷ ಯೋಚಿಸಿದ್ದೇನೆ: ಸ್ವರ ಬದಲಾಗುವಾಗ ಹಿಂದಿನ ಸ್ವರವನ್ನು ಪೂರ್ತಿ ಬಿಡದೆ, ಒಂದು ಬೆರಳು ಹಳೆಯ ಮನೆಯ ಮೇಲೇ ಉಳಿದಿರುತ್ತದೆ. ಸಣ್ಣಾಟದಲ್ಲಿ ಪಾತ್ರಧಾರಿ ಮಾತಿಗೆ ಉಸಿರೆಳೆದುಕೊಳ್ಳುವಾಗ ನಾವು ಮಾಡುತ್ತಿದ್ದುದೂ ಅದನ್ನೇ.

ಆರನೇ ದಿನ

ವಿಮಾನ ತಡವಾಗಿ, ನಡುವಿನ ನಿಲ್ದಾಣದಲ್ಲಿ ಮುಂದಿನದು ತಪ್ಪಿ, ಇಡೀ ದಿನ ಕುರ್ಚಿಗಳ ಮೇಲೆ ಕಳೆಯಿತು. ಆ ಬಿಡುವಿನಲ್ಲಿ 2022ರ ‘ಒನ್ಸ್ ಟ್ವೈಸ್ ಮೆಲೊಡಿ’ಯನ್ನು ಮೊದಲಿನಿಂದ ಕೊನೆಯವರೆಗೆ ಕೇಳಿದೆ. ಒಟ್ಟು 18 ಹಾಡುಗಳು. ಹೊರಗಿನ ನಿರ್ಮಾಪಕರಿಲ್ಲದೆ ಪೂರ್ತಿಯಾಗಿ ತಾವೇ ನಿರ್ಮಿಸಿದ ಮೊದಲ ಮುದ್ರಿಕೆ ಇದು. 2021ರ ನವೆಂಬರಿನಿಂದ ನಾಲ್ಕು ಅಧ್ಯಾಯಗಳಾಗಿ, ಧಾರಾವಾಹಿಯ ಕಂತುಗಳ ಹಾಗೆ ಬಿಡುಗಡೆ ಮಾಡಿದರು, ಮೊದಲ ಬಾರಿಗೆ ನಿಜವಾದ ತಂತಿವಾದ್ಯಗಳ ಮೇಳವನ್ನೂ ಸೇರಿಸಿಕೊಂಡರು. ಮೇಳದ ಭಾಗಗಳು ಸೊಗಸಾಗಿವೆ. ಆದರೂ ನನ್ನ ಮನಸ್ಸು ಅವರು ಬಡವರಾಗಿದ್ದ ಆ ನಾಲ್ಕು ಟ್ರ್ಯಾಕಿನ ಕಡೆಗೇ ವಾಲುತ್ತದೆ. ಹುಡುಗಿ ಇದನ್ನು ಒಪ್ಪುವುದಿಲ್ಲ. ಅವಳ ಪ್ರಕಾರ ಇದೇ ಅವರ ಶಿಖರ.

ಏಳನೇ ದಿನ, ಟೋರ್ನಿಯೊ

ಟೆಕ್ಸಸ್‌ನ ಎಲ್ ಪಾಸೊದಿಂದ ಆಗ್ನೇಯಕ್ಕೆ ಮುಕ್ಕಾಲು ಗಂಟೆಯ ದಾರಿ. ಬಲಗಡೆ ಮೆಕ್ಸಿಕೊದ ಬೆಟ್ಟಗಳು, ಅವುಗಳ ಮುಂದೆ ಗಡಿಯ ಎತ್ತರದ ಬೇಲಿ. 2018ರಲ್ಲಿ ವಲಸೆ ಬಂದ ಸಾವಿರಾರು ಮಕ್ಕಳನ್ನು ಡೇರೆಗಳಲ್ಲಿ ಇರಿಸಿದ್ದು ಇದೇ ಟೋರ್ನಿಯೊದಲ್ಲಿ. ಹಾಡಿನ ನೆಪದಲ್ಲಿ ಬಂದವರು ಅದನ್ನು ಮರೆತು ಹೋಗಬಾರದು. ಮರುಭೂಮಿಯ ಬೂದು ನೆಲ ಇದ್ದಕ್ಕಿದ್ದಂತೆ ಮುಗಿದು, ರಿಯೊ ಗ್ರಾಂಡ್ ನದಿಯ ನೀರುಂಡ, ಅಖರೋಟಿನ ಜಾತಿಯ ಪೀಕಾನ್ ತೋಟಗಳು ಶುರುವಾಗುತ್ತವೆ. ನಮ್ಮ ಅಡಿಕೆ ತೋಟದ ಸಾಲಿನಂತೆ ಗೆರೆ ಎಳೆದು ನೆಟ್ಟ ಮರಗಳು, ಆದರೆ ಹರವಾದ ತಲೆಯವು. ಕಾಯಿಯ ಹಸಿರು ಸಿಪ್ಪೆ ನಾಲ್ಕು ಹೋಳಾಗಿ ಬಿರಿಯಲು ಆಗಷ್ಟೇ ಶುರುವಾಗಿತ್ತು.

ಈ ತೋಟಗಳ ನಡುವೆಯೇ ಸೋನಿಕ್ ರ‍್ಯಾಂಚ್ ಇದೆ. ಬಂದ ತಂಡಗಳು ಅಲ್ಲೇ ಉಂಡು, ಮಲಗಿ, ಹಗಲು ರಾತ್ರಿಯ ಪರಿವೆಯಿಲ್ಲದೆ ಮುದ್ರಿಸಬಹುದಾದ ಸ್ಟುಡಿಯೊ. ‘ಬ್ಲೂಮ್’ನ ಹಾಡುಗಳು ಇಲ್ಲಿ ರೂಪ ಪಡೆದವು. ಇಲ್ಲಿನ ನೆಲ ಅವರನ್ನು ಎಷ್ಟು ಹಿಡಿದಿತ್ತೆಂದರೆ, ಮುಂದೆ ಮತ್ತೆ ಈ ಸೀಮೆಗೆ ಬಂದು, ಎಲ್ ಪಾಸೊ ಸುತ್ತಮುತ್ತಲಿನ ಬಯಲಿನಲ್ಲಿ ಎದುರಿಗೆ ಒಬ್ಬ ಪ್ರೇಕ್ಷಕನೂ ಇಲ್ಲದೆ ಹಾಡುಗಳನ್ನು ನುಡಿಸಿ, 2013ರಲ್ಲಿ ‘ಫಾರ್‌ಎವರ್ ಸ್ಟಿಲ್’ ಎಂಬ ಕಿರುಚಿತ್ರ ಮಾಡಿದರು. ಇಟಲಿಯ ಪಾಂಪೇಯ ಪಾಳುಬಿದ್ದ ರಂಗಸ್ಥಳದಲ್ಲಿ ಪಿಂಕ್ ಫ್ಲಾಯ್ಡ್ ಎಂಬ ರಾಕ್ ತಂಡ ನುಡಿಸಿದ್ದ ಚಿತ್ರ ಅವರಿಗೆ ಪ್ರೇರಣೆಯಾಗಿತ್ತು.

ನಾವು ತೋಟದ ಅಂಚಿನ ರಸ್ತೆಯ ಪಕ್ಕದಲ್ಲಿ ಕಾರು ನಿಲ್ಲಿಸಿದೆವು. ಹೊತ್ತು ಮುಳುಗುತ್ತಿತ್ತು. ‘ಬ್ಲೂಮ್’ ಹಾಕಿ, ನಾಲ್ಕೂ ಬಾಗಿಲು ತೆರೆದಿಟ್ಟು, ಹೊರಗೆ ಕುಳಿತೆವು. ಕೊನೆಯ ಹಾಡು ‘ಐರೀನ್’ ಮುಗಿಯುವಷ್ಟರಲ್ಲಿ ಪೂರ್ತಿ ಕತ್ತಲಾಗಿತ್ತು. ಆ ಹಾಡಿನ ನಂತರ ಮುದ್ರಿಕೆಯಲ್ಲಿ ಹಲವು ನಿಮಿಷಗಳ ಮೌನವಿದೆ, ಮೌನದ ಕೊನೆಯಲ್ಲಿ ಪಟ್ಟಿಯಲ್ಲಿ ಹೆಸರಿಲ್ಲದ ಇನ್ನೊಂದು ಹಾಡು ಅಡಗಿದೆ. ದಾಂಡೇಲಿಯಲ್ಲಿ ಕೇಳುವಾಗ ನಾನು ಆ ಮೌನವನ್ನು ಯಾವಾಗಲೂ ಮುಂದಕ್ಕೆ ಓಡಿಸುತ್ತಿದ್ದೆ. ಅಂದು ಓಡಿಸಲಿಲ್ಲ. ಎಲೆಗಳು ಅಲುಗುವುದು ಕೇಳಿಸಿತು, ದೂರದಲ್ಲಿ ಒಂದು ನಾಯಿ ಬೊಗಳಿತು, ಬಿರಿದ ಸಿಪ್ಪೆಯಿಂದ ಒಂದು ಕಾಯಿ ನೆಲಕ್ಕೆ ಬಿತ್ತು. ಹುಡುಗಿ ಅದನ್ನು ಕತ್ತಲೆಯಲ್ಲೇ ತಡವಿ ಹುಡುಕಿ ನನ್ನ ಅಂಗೈಯಲ್ಲಿಟ್ಟಳು. ಏನನ್ನೋ ಕೇಳಲು ಬಾಯಿ ತೆರೆದವಳನ್ನು ಕೈ ಎತ್ತಿ ತಡೆದೆ. ಕಾರಿನೊಳಗಿನಿಂದ ಆ ಹೆಸರಿಲ್ಲದ ಹಾಡಿನ ಗಿಟಾರ್ ಶುರುವಾಗಿತ್ತು.